4 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಗೇಮ್‌ಗೆ ಚಿತ್ರ ಬಿಡಿಸಬಹುದಾ?

ಪ್ರಶ್ನೆ: ಮೇಡಂ, ನಾನು ಗಂಗಾವತಿಯವಳು. ಬಿ.ಕಾಂ. ಕೊನೆಯ ವರ್ಷ. ಚಿಕ್ಕಂದಿನಿಂದ ಚಿತ್ರದ ಹುಚ್ಚು. ಎರಡು ವರ್ಷದಿಂದ ಫೋನಿನಲ್ಲಿ ಐಬಿಸ್ ಪೇಂಟ್ ಹಾಕಿಕೊಂಡು ಬೆರಳಿನಿಂದಲೇ ಬಿಡಿಸುತ್ತಿದ್ದೇನೆ. ಗೆಳತಿಯ ತಮ್ಮನಿಗೆ ಗೇಮ್ ಕಟ್ಟುವ ಸಾಫ್ಟ್‌ವೇರ್ ಗೊಡೋದಲ್ಲಿ ಕೋಡ್ ಬರೆಯಲು ಬರುತ್ತದೆ. ಇಬ್ಬರೂ ಸೇರಿ ಚಿಕ್ಕದೊಂದು ಗೇಮ್ ಮಾಡಬೇಕೆಂದಿದ್ದೇವೆ. ಹಿರೇಬೆಣಕಲ್ ಗುಡ್ಡ ಹತ್ತುವ ಹುಡುಗಿಯ ಕಥೆ. ಮನೆಯಲ್ಲಿ ಅಣ್ಣನ ಹಳೇ ಲ್ಯಾಪ್‌ಟಾಪ್ ಇದೆ. ಐ3, 4 ಜಿಬಿ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಬಳ್ಳಾರಿಯ ಒಂದು ತರಬೇತಿ ಕೇಂದ್ರದಲ್ಲಿ ವಿಚಾರಿಸಿದೆ. ಫೋಟೋಶಾಪ್, ಮಾಯಾ ಎಂಬ 3ಡಿ ಸಾಫ್ಟ್‌ವೇರ್ ಬಾರದಿದ್ದರೆ ಕೆಲಸ ಸಿಗುವುದಿಲ್ಲ, ವರ್ಷಕ್ಕೆ 65 ಸಾವಿರ ಕಟ್ಟಿ ಎಂದರು. ಗೆಳತಿ ಕ್ರ್ಯಾಕ್ ಮಾಡಿದ ಫೋಟೋಶಾಪನ್ನು ಪೆನ್‌ಡ್ರೈವ್‌ನಲ್ಲಿ ಕೊಡುತ್ತೇನೆ ಎನ್ನುತ್ತಾಳೆ. ಯೂಟ್ಯೂಬ್‌ನಲ್ಲಿ ಒಬ್ಬರು ಬ್ಲೆಂಡರ್ ಎನ್ನುತ್ತಾರೆ, ಇನ್ನೊಬ್ಬರು ಕ್ರಿಟಾ ಎನ್ನುತ್ತಾರೆ. ನಾನು ಯಾವುದರಿಂದ ಶುರು ಮಾಡಲಿ? ಅಪ್ಪ ಆರು ತಿಂಗಳು ಸಮಯ ಕೊಟ್ಟಿದ್ದಾರೆ.

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊನೆಯ ಸಾಲು. ಆರು ತಿಂಗಳು. ಕೈಯಲ್ಲಿ ವರ್ಷಗಟ್ಟಲೆ ಸಮಯ ಇರುವವರಿಗೆ ನಾಲ್ಕೈದು ಸಾಫ್ಟ್‌ವೇರ್ ಹಾಕಿ ನೋಡಿ, ಇಷ್ಟವಾದದ್ದು ಇಟ್ಟುಕೊಳ್ಳಿ ಎನ್ನುತ್ತಿದ್ದೆ. ನಿಮಗೆ ಹಾಗೆ ಹೇಳಿದರೆ ಆರು ತಿಂಗಳು ಡೌನ್‌ಲೋಡ್ ಮಾಡುವುದರಲ್ಲೇ ಕಳೆದುಹೋಗುತ್ತದೆ. ಹಾಗಾಗಿ ಒಂದನ್ನೇ ಹೇಳುತ್ತೇನೆ. ಯಾಕೆ ಅದು ಎಂಬುದನ್ನೂ ಬಿಡಿಸಿ ಹೇಳುತ್ತೇನೆ. ಯಾಕೆ ಎಂದು ಗೊತ್ತಿದ್ದರೆ ನಾಳೆ ಮತ್ತೊಬ್ಬರು ಬೇರೆ ಹೆಸರು ಹೇಳಿದಾಗ ನಿಮ್ಮ ಮನಸ್ಸು ಅಲ್ಲಾಡುವುದಿಲ್ಲ.

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ತಪ್ಪು ಸಾಫ್ಟ್‌ವೇರ್ ಹಿಡಿದರೆ ಆರು ತಿಂಗಳ ಕೆಲಸ ನೀರಲ್ಲಿ ಹೋಮ ಮಾಡಿದಂತೆ ಆಗುತ್ತದೆ ಎಂದಲ್ವಾ? ಹಾಗೆ ಆಗುವುದಿಲ್ಲ. ನಾನು ಹದಿಮೂರು ವರ್ಷ ಬೆಂಗಳೂರಿನ ಸ್ಟುಡಿಯೋಗಳಲ್ಲಿ ಗೇಮ್ ಚಿತ್ರ ಮಾಡಿದ್ದೇನೆ. ಈಗ ಕೊಪ್ಪಳದ ಮನೆಯಿಂದಲೇ ಅದೇ ಕೆಲಸ ಮಾಡುತ್ತಿದ್ದೇನೆ. ಅಷ್ಟರಲ್ಲಿ ಐದಾರು ಸಲ ಸಾಫ್ಟ್‌ವೇರ್ ಬದಲಾಗಿದೆ. ಪ್ರತಿ ಸಲ ಹೊಸದಕ್ಕೆ ಕೈ ಕೂರಲು ಎರಡು ಮೂರು ವಾರ ಹಿಡಿಯಿತು, ಅಷ್ಟೇ. ಲೇಯರ್, ಅಂದರೆ ಒಂದರ ಮೇಲೊಂದು ಇಡುವ ಚಿತ್ರದ ಪದರ, ಎಲ್ಲ ಕಡೆ ಲೇಯರೇ. ನೆರಳು ಹಾಕಲು ನೀವು ಐಬಿಸ್ ಪೇಂಟ್‌ನಲ್ಲಿ ಬಳಸುವ ಮಲ್ಟಿಪ್ಲೈ ಫೋಟೋಶಾಪ್‌ನಲ್ಲೂ ಇದೆ, ಕ್ರಿಟಾದಲ್ಲೂ ಇದೆ. ಕೆಲಸವೂ ಒಂದೇ. ಎರಡು ವರ್ಷ ಬೆರಳಿನಲ್ಲಿ ಬಿಡಿಸಿದ್ದು ಎಲ್ಲಿಗೂ ಹೋಗಿಲ್ಲ.

ಆದರೆ ಹೊಸಬರು ನಿಜವಾಗಿ ಸಮಯ ಕಳೆದುಕೊಳ್ಳುವ ಜಾಗ ಒಂದಿದೆ. ಗೇಮ್ ಹೇಗೆ ಕಾಣಬೇಕು ಎಂದು ತೀರ್ಮಾನಿಸುವ ಮೊದಲೇ ಅವರು ಸಾಫ್ಟ್‌ವೇರ್ ಹುಡುಕುತ್ತಾರೆ. ಯೂಟ್ಯೂಬ್‌ನಲ್ಲಿ ಕ್ರಿಟಾ ಎಂದವರು ಕ್ಯಾನ್ವಾಸಿನ ಮೇಲೆ ಬಣ್ಣ ಹಚ್ಚಿದಂತೆ ಕಾಣುವ ಗೇಮ್ ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದಾರೆ. ಬ್ಲೆಂಡರ್ ಎಂದವರು ಮೂರು ಆಯಾಮದ, ಅಂದರೆ 3ಡಿ ಗೇಮ್ ಬಗ್ಗೆ ಹೇಳಿದ್ದಾರೆ. ಇಬ್ಬರೂ ಸುಳ್ಳು ಹೇಳಿಲ್ಲ. ನಿಮ್ಮ ಗೇಮ್ ಯಾವುದು ಎಂದು ಅವರಿಗೆ ಗೊತ್ತಿಲ್ಲ, ಅಷ್ಟೇ.

ಚಿಕ್ಕ ಗೇಮ್‌ಗಳ ಚಿತ್ರ ಸುಮಾರಾಗಿ ನಾಲ್ಕು ಬಗೆಯದು. ಚುಕ್ಕಿ ಚುಕ್ಕಿ ಕೂಡಿಸಿ ಮಾಡುವ ಪಿಕ್ಸೆಲ್ ಚಿತ್ರ. ಬ್ರಷ್‌ನಿಂದ ಬಣ್ಣ ಹಚ್ಚುವ ಚಿತ್ರ. ಗೆರೆ ಮತ್ತು ಆಕಾರಗಳ ವೆಕ್ಟರ್ ಚಿತ್ರ. ಇದಕ್ಕೆ ಇಂಕ್‌ಸ್ಕೇಪ್ ಇದೆ, ಉಚಿತ, ಗೇಮ್‌ನ ಬಟನ್, ಐಕಾನ್ ಮಾಡಲು ಚೆನ್ನಾಗಿದೆ. ಕೊನೆಯದು 3ಡಿ.

ಇದರಲ್ಲಿ ಯಾವುದು ಎಂದು ಆರಿಸುವಾಗ ನಿಮ್ಮ ಆಸೆಯ ಜೊತೆಗೆ ಅಣ್ಣನ ಲ್ಯಾಪ್‌ಟಾಪ್‌ಗೂ ಒಂದು ಓಟು ಕೊಡಬೇಕು. ಸ್ವಲ್ಪ ಲೆಕ್ಕ ಮಾಡೋಣ. ಚಿತ್ರದ ಒಂದೊಂದು ಚುಕ್ಕಿಗೂ ಸಾಮಾನ್ಯವಾಗಿ 4 ಬೈಟ್ ಜಾಗ ಬೇಕು. ಕೆಂಪು, ಹಸಿರು, ನೀಲಿಗೆ ಒಂದೊಂದು, ಪಾರದರ್ಶಕತೆಗೆ ಒಂದು. 4000 ಅಗಲ, 4000 ಎತ್ತರದ ಒಂದು ಹಾಳೆ ತೆರೆದರೆ ಅದರ ಪೂರ್ತಿ ತುಂಬಿದ ಒಂದು ಲೇಯರ್‌ಗೆ 64 ಎಂಬಿ. ಇಪ್ಪತ್ತು ಲೇಯರ್ ಆದರೆ 1280 ಎಂಬಿ. ಅದರ ಮೇಲೆ ಕಂಟ್ರೋಲ್ ಝಡ್ ಒತ್ತಿದಾಗ ಹಿಂದಕ್ಕೆ ಹೋಗಬೇಕಲ್ಲ, ಆ ನೆನಪಿಗೂ ಜಾಗ ಬೇಕು. ನಿಮ್ಮ 4 ಜಿಬಿಯಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ವಿಂಡೋಸ್ ಮತ್ತು ಬ್ರೌಸರ್ ಆಗಲೇ ನುಂಗಿರುತ್ತವೆ. ಆಮೇಲೆ ಬ್ರಷ್ ಎಳೆದರೆ ಗೆರೆ ಅರ್ಧ ಸೆಕೆಂಡ್ ತಡವಾಗಿ ಬರುತ್ತದೆ. ಕೈಗೂ ಕಣ್ಣಿಗೂ ತಾಳ ತಪ್ಪುತ್ತದೆ. ನನಗೇ ಚಿತ್ರ ಬರುವುದಿಲ್ಲವೇನೋ ಎಂದು ಎಷ್ಟೋ ಮಕ್ಕಳು ಬಿಟ್ಟುಬಿಟ್ಟಿದ್ದನ್ನು ನೋಡಿದ್ದೇನೆ. ಅವರ ಕೈಯಲ್ಲಿ ತಪ್ಪಿರಲಿಲ್ಲ, ರ‍್ಯಾಮ್ ಸಾಲದೇ ಹೋಗಿತ್ತು.

ಈಗ ಪಿಕ್ಸೆಲ್ ಚಿತ್ರದ ಲೆಕ್ಕ ನೋಡಿ. ನಿಮ್ಮ ಹುಡುಗಿ 16 ಚುಕ್ಕಿ ಅಗಲ, 24 ಚುಕ್ಕಿ ಎತ್ತರ ಇದ್ದರೆ ಒಂದು ಚಿತ್ರಕ್ಕೆ 1536 ಬೈಟ್. ಅಂದರೆ ಒಂದೂವರೆ ಕೆಬಿ. ನಡೆಯುವುದು, ಓಡುವುದು, ಹಾರುವುದು, ಬಂಡೆ ಹಿಡಿದು ಏರುವುದು ಎಲ್ಲ ಸೇರಿ ನಲವತ್ತು ಚಿತ್ರ ಮಾಡಿದರೂ ಅಣ್ಣನ ಲ್ಯಾಪ್‌ಟಾಪ್‌ಗೆ ಅದು ಭಾರವೇ ಅಲ್ಲ.

ಹಾಗಾಗಿ ನನ್ನ ಉತ್ತರ ಇದು. ಪಿಕ್ಸೆಲ್ ಚಿತ್ರದಿಂದ ಶುರು ಮಾಡಿ. ಸಾಫ್ಟ್‌ವೇರ್ ಪಿಕ್ಸೆಲೋರಾಮಾ. ಉಚಿತ, ಹಗುರ, ಹಾಳೆಯ ಕೆಳಗೇ ಅನಿಮೇಶನ್ನಿನ ಪಟ್ಟಿ ಇದೆ. ಅದನ್ನು ಗೊಡೋದಲ್ಲೇ ಕಟ್ಟಿದ್ದಾರೆ, ನಿಮ್ಮ ಗೆಳತಿಯ ತಮ್ಮನಿಗೆ ಕೇಳಿದರೆ ಖುಷಿಯಾಗಬಹುದು. ಈ ಕೆಲಸದಲ್ಲಿ ಇರುವವರು ಜಾಸ್ತಿ ಬಳಸುವುದು ಏಸ್‌ಪ್ರೈಟ್. ಅದಕ್ಕೆ 20 ಡಾಲರ್ ಆಸುಪಾಸು ಬೆಲೆ, ಒಂದೇ ಸಲ ಕೊಟ್ಟರೆ ಆಯಿತು, ತಿಂಗಳ ಬಾಡಿಗೆ ಇಲ್ಲ. ಉಚಿತ ಟ್ರಯಲ್ ಇದೆ, ಆದರೆ ಅದರಲ್ಲಿ ಫೈಲ್ ಸೇವ್ ಆಗುವುದಿಲ್ಲ. ಅದೇ ಏಸ್‌ಪ್ರೈಟ್ 2016ರಲ್ಲಿ ಲೈಸೆನ್ಸ್ ಬದಲಿಸಿದಾಗ, ಅದಕ್ಕಿಂತ ಹಿಂದಿನ ಮುಕ್ತ ಆವೃತ್ತಿಯನ್ನು ಇಟ್ಟುಕೊಂಡು ಬೇರೆಯವರು ಲಿಬ್ರೆಸ್‌ಪ್ರೈಟ್ ಎಂದು ಮುಂದುವರಿಸಿದರು. ಅದೂ ಉಚಿತ. ಪಿಕ್ಸೆಲೋರಾಮಾ ನಿಮ್ಮ ಯಂತ್ರದಲ್ಲಿ ಯಾಕೋ ಸರಿಯಾಗಿ ಓಡಲಿಲ್ಲ ಎಂದರೆ ಲಿಬ್ರೆಸ್‌ಪ್ರೈಟ್ ಹಾಕಿ. ಮೂರನೆಯದನ್ನು ಹುಡುಕಲು ಹೋಗಬೇಡಿ.

ಪಿಕ್ಸೆಲ್ ಎಂದರೆ ಸುಲಭ, ಮಕ್ಕಳಾಟ ಎಂದು ತಿಳಿದವರಿದ್ದಾರೆ. ಅದು ತಪ್ಪು. ಜಾಗ ಕಡಿಮೆ ಇದ್ದಾಗ ಒಂದೊಂದು ಚುಕ್ಕಿಗೂ ಕಾರಣ ಇರಬೇಕು. 1981ರಲ್ಲಿ ಜಪಾನಿನ ಶಿಗೆರು ಮಿಯಾಮೊಟೊ ಡಾಂಕಿ ಕಾಂಗ್ ಗೇಮ್‌ಗೆ ಒಬ್ಬ ಮನುಷ್ಯನನ್ನು ಬಿಡಿಸಬೇಕಿತ್ತು. ಸಿಕ್ಕಿದ್ದು ಕೆಲವೇ ಚುಕ್ಕಿ. ಬಾಯಿ ಬಿಡಿಸಲು ಜಾಗ ಇಲ್ಲ, ಮೀಸೆ ಇಟ್ಟರು. ಹಾರುವಾಗ ಕೂದಲು ಅಲ್ಲಾಡಿಸುವುದು ಕಷ್ಟ, ಟೋಪಿ ಹಾಕಿದರು. ತೋಳು ಆಡುವುದು ಕಾಣಬೇಕು, ಅಂಗಿಯ ಮೇಲೆ ಬೇರೆ ಬಣ್ಣದ ಮೇಲುಡುಪು ತೊಡಿಸಿದರು. ಅವನೇ ಮುಂದೆ ಮಾರಿಯೋ ಆದ. ನಿಮ್ಮ ಹುಡುಗಿಗೂ ಹೀಗೇ ಯೋಚಿಸಿ. ಎರಡು ಜಡೆ, ಕೆಂಪು ರಿಬ್ಬನ್ ಇಟ್ಟರೆ ಅವಳು ಯಾವ ಕಡೆ ತಿರುಗಿದ್ದಾಳೆ ಎಂಬುದು ಬೂದು ಬಂಡೆಯ ಮುಂದೆಯೂ ತಕ್ಷಣ ಗೊತ್ತಾಗುತ್ತದೆ.

ನಿಮ್ಮ ಕಥೆಯ ಜಾಗವೂ ಪಿಕ್ಸೆಲ್‌ಗೆ ಹೇಳಿಮಾಡಿಸಿದ್ದು. ಹಿರೇಬೆಣಕಲ್‌ನ ಮೋರ್ಯರ ಗುಡ್ಡದ ಮೇಲಿನ ಕಲ್ಲುಮನೆಗಳನ್ನು ನೆನಪಿಸಿಕೊಳ್ಳಿ. ಸುತ್ತ ಚಪ್ಪಡಿ ನಿಲ್ಲಿಸಿದ್ದಾರೆ, ಮೇಲೊಂದು ಚಪ್ಪಡಿ ಮುಚ್ಚಿದ್ದಾರೆ. ಕೆಲವಕ್ಕೆ ಮುಂದಿನ ಕಲ್ಲಿನಲ್ಲಿ ದುಂಡನೆಯ ಕಿಂಡಿ. ಶಿಲಾಯುಗ ಮುಗಿದು ಕಬ್ಬಿಣ ಬಂದ ಕಾಲದ ಗೋರಿಗಳು ಅವು, ನೂರಾರಿವೆ. ನೀವು ನಾಲ್ಕು ಬಗೆಯ ಚಪ್ಪಡಿ, ಒಂದು ಕಿಂಡಿ, ಎರಡು ಬಗೆಯ ಬಂಡೆ ಬಿಡಿಸಿದರೆ ಸಾಕು. ಅದನ್ನೇ ತಿರುಗಿಸಿ, ಜೋಡಿಸಿ ಇಡೀ ಗುಡ್ಡ ಕಟ್ಟಬಹುದು. ಗೇಮ್‌ನಲ್ಲಿ ಇದಕ್ಕೆ ಟೈಲ್ ಎನ್ನುತ್ತಾರೆ. ಒಂದು ಟೈಲ್ 16ಕ್ಕೆ 16 ಚುಕ್ಕಿ ಇರಲಿ.

ಇಲ್ಲಿ ಒಂದು ಅಳತೆ ಮೊದಲೇ ಮಾತಾಡಿಕೊಳ್ಳಿ, ಆಮೇಲೆ ಜಗಳ ಬೇಡ. ಗೇಮ್‌ನ ಪರದೆ 320ಕ್ಕೆ 180 ಚುಕ್ಕಿ ಇಟ್ಟುಕೊಳ್ಳಿ. ಅದನ್ನು ನಾಲ್ಕು ಪಟ್ಟು ಮಾಡಿದರೆ 1280ಕ್ಕೆ 720, ಆರು ಪಟ್ಟು ಮಾಡಿದರೆ 1920ಕ್ಕೆ 1080. ಎರಡೂ ಸರಿಯಾಗಿ ಕೂರುತ್ತವೆ, ಚುಕ್ಕಿ ಹರಿಯುವುದಿಲ್ಲ. ಗೊಡೋ 4ರಲ್ಲಿ ಪ್ರಾಜೆಕ್ಟ್ ಸೆಟ್ಟಿಂಗ್ಸ್ ತೆರೆದು, ರೆಂಡರಿಂಗ್ ಕೆಳಗಿನ ಟೆಕ್ಸ್ಚರ್ಸ್‌ನಲ್ಲಿ ಡಿಫಾಲ್ಟ್ ಟೆಕ್ಸ್ಚರ್ ಫಿಲ್ಟರ್ ಎಂಬುದನ್ನು ಲೀನಿಯರ್‌ನಿಂದ ನಿಯರೆಸ್ಟ್‌ಗೆ ಬದಲಿಸಲು ಹೇಳಿ. ಇದನ್ನು ಬದಲಿಸದಿದ್ದರೆ ನೀವು ಎಷ್ಟೇ ಚೊಕ್ಕ ಬಿಡಿಸಿದರೂ ಪರದೆಯ ಮೇಲೆ ಮಂಜು ಮುಸುಕಿದಂತೆ ಕಾಣುತ್ತದೆ. ತಪ್ಪು ನಿಮ್ಮದೆಂದು ನೀವು ಮತ್ತೆ ಮತ್ತೆ ಬಿಡಿಸುತ್ತಾ ಕೂರುತ್ತೀರಿ. ಹೊಸ ಪ್ರಾಜೆಕ್ಟ್ ಮಾಡುವಾಗ ರೆಂಡರರ್, ಅಂದರೆ ಚಿತ್ರವನ್ನು ಪರದೆಗೆ ತರುವ ಭಾಗ, ಕಂಪ್ಯಾಟಿಬಿಲಿಟಿ ಎಂಬುದನ್ನು ಆರಿಸಲಿ, ಹಳೇ ಲ್ಯಾಪ್‌ಟಾಪ್‌ಗೂ ಫೋನಿಗೂ ಅದು ಹಗುರ. ಚಿತ್ರಗಳನ್ನು ಪಿಎನ್‌ಜಿ ಆಗಿಯೇ ಕೊಡಿ. ಜೆಪೆಗ್‌ನಲ್ಲಿ ಪಾರದರ್ಶಕ ಹಿನ್ನೆಲೆ ಉಳಿಯುವುದಿಲ್ಲ, ಹುಡುಗಿಯ ಸುತ್ತ ಒಂದು ಚೌಕ ಪೆಟ್ಟಿಗೆ ಕಾಣುತ್ತದೆ.

ಇನ್ನು ಬಳ್ಳಾರಿಯ ಕೇಂದ್ರದವರು ಹೇಳಿದ ಮಾತು. ಅದರಲ್ಲಿ ಅರ್ಧ ನಿಜ ಇದೆ. ದೊಡ್ಡ ಸ್ಟುಡಿಯೋಗಳಲ್ಲಿ ಫೋಟೋಶಾಪ್, ಮಾಯಾ ಈಗಲೂ ಬಳಸುತ್ತಾರೆ. ಹತ್ತಾರು ಜನ ಒಂದೇ ಫೈಲ್ ಮೇಲೆ ಕೆಲಸ ಮಾಡಬೇಕು, ವರ್ಷಗಳಿಂದ ಕಟ್ಟಿಕೊಂಡ ವ್ಯವಸ್ಥೆ ಅದರ ಮೇಲೇ ನಿಂತಿದೆ, ಅದಕ್ಕೆ. ಆದರೆ ಅದು ಬಾರದಿದ್ದರೆ ಕೆಲಸವೇ ಇಲ್ಲ ಎಂಬುದು ನಿಜವಲ್ಲ. ಹೊಸಬರನ್ನು ಆರಿಸುವ ಮೇಜಿನ ಆ ಕಡೆ ನಾನು ಕೂತಿದ್ದೇನೆ. ಮೊದಲು ತೆರೆಯುವುದು ಅವರ ಕೆಲಸದ ಸಂಗ್ರಹ. ಆಕಾರ ಸ್ಪಷ್ಟ ಇದೆಯಾ, ಬಣ್ಣದ ಬುದ್ಧಿ ಇದೆಯಾ, ಹಿಡಿದದ್ದನ್ನು ಮುಗಿಸಿದ್ದಾರಾ ಎಂದು ನೋಡುತ್ತೇವೆ. ಸಾಫ್ಟ್‌ವೇರ್‌ನ ಮಾತು ಕೊನೆಗೆ ಬರುತ್ತದೆ. ಮೂವತ್ತು ಬಿಡಿ ಚಿತ್ರ ತಂದವರಿಗಿಂತ, ಓಡುವ ಒಂದು ಚಿಕ್ಕ ಗೇಮ್ ತಂದ ಹುಡುಗಿಯ ಹತ್ತಿರ ನಾನು ಜಾಸ್ತಿ ಹೊತ್ತು ಮಾತಾಡಿದ್ದೇನೆ. ತನ್ನ ಚಿತ್ರ ಗೇಮ್ ಒಳಗೆ ಹೋದಾಗ ಏನಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

65 ಸಾವಿರ ದೊಡ್ಡ ಮೊತ್ತ. ತರಬೇತಿ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಒಳ್ಳೆಯ ಗುರು ಸಿಕ್ಕರೆ ಎರಡು ವರ್ಷದ ತಡಕಾಟ ಉಳಿಯುತ್ತದೆ. ಆದರೆ ದುಡ್ಡು ಕಟ್ಟುವ ಮೊದಲು ಕಳೆದ ಸಲದ ವಿದ್ಯಾರ್ಥಿಗಳು ಮಾಡಿದ ಕೆಲಸ ತೋರಿಸಿ ಎಂದು ಕೇಳಿ. ಕಲಿಸುವವರು ಸ್ವತಃ ಯಾವ ಗೇಮ್‌ಗೆ ಕೆಲಸ ಮಾಡಿದ್ದಾರೆ ಎಂದು ಕೇಳಿ. ವರ್ಷ ಪೂರ್ತಿ ಸಾಫ್ಟ್‌ವೇರ್‌ನ ಮೆನು ಕಲಿಸುತ್ತಾರಾ, ಚಿತ್ರ ತಿದ್ದಿ ಹೇಳುತ್ತಾರಾ ಎಂಬುದು ಒಂದು ದಿನ ಸುಮ್ನೆ ತರಗತಿಯಲ್ಲಿ ಕೂತರೆ ಗೊತ್ತಾಗುತ್ತದೆ. ಕೂರಲು ಬಿಡದಿದ್ದರೆ ಅಲ್ಲಿ ದುಡ್ಡು ಕಟ್ಟಬೇಡಿ. ಮುಂದೆ ಮಾಯಾ ಬೇಕಾದರೂ ದಾರಿ ಇದೆ. ಮಾನ್ಯತೆ ಇರುವ ಸಂಸ್ಥೆಯ ವಿದ್ಯಾರ್ಥಿ ಎಂದು ದಾಖಲೆ ತೋರಿಸಿದವರಿಗೆ ಆಟೋಡೆಸ್ಕ್ ಕಂಪನಿ ಅದನ್ನು ಕಲಿಕೆಗೆ ಉಚಿತವಾಗಿ ಕೊಡುತ್ತದೆ, ವರ್ಷ ವರ್ಷ ನವೀಕರಿಸಿಕೊಳ್ಳಬೇಕು. ಫೋಟೋಶಾಪ್‌ಗೂ ವಿದ್ಯಾರ್ಥಿ ದರ ಇದೆ.

ಈಗ ಆ ಪೆನ್‌ಡ್ರೈವ್. ದಯವಿಟ್ಟು ಬೇಡ. 2013ರಿಂದ ಈಚಿನ ಹೊಸ ಫೋಟೋಶಾಪ್ ಬಾಡಿಗೆಯ ಲೆಕ್ಕದಲ್ಲೇ ಸಿಗುವುದು. ಅದಕ್ಕೇ ಊರೂರಲ್ಲಿ ಕ್ರ್ಯಾಕ್ ಓಡಾಡುತ್ತದೆ. ಕಲಿಯಲು ತಾನೇ, ಯಾರು ಕೇಳುತ್ತಾರೆ ಎಂದು ನಾನೂ ಒಂದು ಕಾಲದಲ್ಲಿ ಹಾಕಿಕೊಂಡಿದ್ದೆ. ಹಾಕುವಾಗ ಆ್ಯಂಟಿವೈರಸ್ ಆಫ್ ಮಾಡು ಎಂದು ಅದೇ ಹೇಳುತ್ತದೆ. ಮನೆಯ ಬಾಗಿಲು ತೆಗೆದಿಟ್ಟು ಮಲಗು ಎಂದಂತೆ ಅಲ್ವಾ? ಒಂದು ಬೆಳಗ್ಗೆ ನೋಡಿದರೆ ನನ್ನ ಎಲ್ಲ ಫೈಲ್‌ಗೂ ಬೀಗ ಬಿದ್ದಿತ್ತು, ಬಿಡಿಸಲು ದುಡ್ಡು ಕೇಳುವ ಚೀಟಿ ಇತ್ತು. ಎರಡು ತಿಂಗಳ ಚಿತ್ರ ಹೋಯಿತು. ಅವತ್ತು ಅತ್ತಿದ್ದು ಇನ್ನೂ ನೆನಪಿದೆ. ನಿಮ್ಮದು ಅಣ್ಣನ ಲ್ಯಾಪ್‌ಟಾಪ್. ಅದರಲ್ಲಿ ಅವರ ಬ್ಯಾಂಕಿನ ಪಾಸ್‌ವರ್ಡ್ ಕೂಡ ಇರಬಹುದು. ಮುಂದೆ ಗೇಮ್ ಮಾರಲು ಹೊರಟಾಗ ಕಾನೂನಿನ ತೊಡಕು ಬೇರೆ. ಫೋಟೋಶಾಪ್‌ನ ಪಿಎಸ್‌ಡಿ ಫೈಲ್ ತೆರೆಯಬೇಕು, ಫೋಟೋಶಾಪ್ ಹೇಗಿರುತ್ತದೆ ನೋಡಬೇಕು ಎಂದರೆ ಬ್ರೌಸರ್‌ನಲ್ಲೇ ಓಡುವ ಫೋಟೋಪಿಯಾ ಇದೆ. ಕಣ್ಣಿಗೆ ಹೆಚ್ಚುಕಮ್ಮಿ ಹಾಗೇ ಇದೆ, ದುಡ್ಡಿಲ್ಲ.

ಉಚಿತ ಎಂದರೆ ಕಳಪೆ ಎಂಬ ಅನುಮಾನ ನಿಮ್ಮ ಮನೆಯವರಿಗೂ ಇರಬಹುದು. ಬ್ಲೆಂಡರ್ ಕಥೆ ಹೇಳಿ. ಅದನ್ನು ನಡೆಸುತ್ತಿದ್ದ ಕಂಪನಿ ಮುಚ್ಚಿದಾಗ, 2002ರಲ್ಲಿ ಬಳಸುವವರೇ ದುಡ್ಡು ಕೂಡಿಸಿ, ಒಂದು ಲಕ್ಷ ಯೂರೋ ಕೊಟ್ಟು ಅದನ್ನು ಎಲ್ಲರಿಗೂ ಮುಕ್ತ ಮಾಡಿಸಿದರು. ಅದೇ ಬ್ಲೆಂಡರ್‌ನಲ್ಲಿ ಮಾಡಿದ ಲಾಟ್ವಿಯಾ ದೇಶದ ಒಂದು ಅನಿಮೇಶನ್ ಚಿತ್ರಕ್ಕೆ 2025ರಲ್ಲಿ ಆಸ್ಕರ್ ಬಂತು. ಇನ್ನೊಂದು ಮಾತು, ಜನ ಇದನ್ನು ತುಂಬಾ ಕೇಳುತ್ತಾರೆ: ಉಚಿತ ಸಾಫ್ಟ್‌ವೇರ್‌ನಲ್ಲಿ ಮಾಡಿದ ಚಿತ್ರ ಮಾರಬಹುದಾ? ಮಾರಬಹುದು. ಕ್ರಿಟಾ, ಬ್ಲೆಂಡರ್, ಪಿಕ್ಸೆಲೋರಾಮಾ ಯಾವುದರಲ್ಲಿ ಮಾಡಿದರೂ ಚಿತ್ರ ನಿಮ್ಮದೇ.

ಹಾಗಾದರೆ ಬ್ಲೆಂಡರ್ ಯಾಕೆ ಬೇಡ? ಕೆಲಸದ ಉದ್ದ ನೋಡಿ. ನಮ್ಮ ಕಿನ್ನಾಳದ ಚಿತ್ರಗಾರರು ಗೊಂಬೆ ಮಾಡುವುದನ್ನು ನೋಡಿದ್ದರೆ 3ಡಿ ಕೆಲಸ ನಿಮಗೆ ಬೇಗ ತಿಳಿಯುತ್ತದೆ. ಹಗುರ ಮರ ಕೆತ್ತುವುದು ಒಂದು ಕೆಲಸ. ಭಾಗ ಭಾಗ ಕೂಡಿಸಿ, ಹುಣಸೆ ಬೀಜದ ಅಂಟು, ಮರದ ಪುಡಿ ಮೆತ್ತಿ ಮೈ ತಿದ್ದುವುದು ಇನ್ನೊಂದು. ಒಣಗಿದ ಮೇಲೆ ಉಜ್ಜಿ ನಯ ಮಾಡುವುದು, ಆಮೇಲೆ ಬಣ್ಣ, ಕೊನೆಗೆ ಕಣ್ಣು ಬರೆಯುವುದು. ಒಂದು ಹಂತ ಹಾರಿಸಿದರೆ ಬಣ್ಣ ನಿಲ್ಲುವುದಿಲ್ಲ. 3ಡಿಯಲ್ಲೂ ಮೊದಲು ಆಕಾರ ಕಟ್ಟಬೇಕು. ಅದರ ಮೈಯನ್ನು ಬಟ್ಟೆಯಂತೆ ಬಿಡಿಸಿ ಹಾಸಬೇಕು. ಹಾಸಿದ್ದರ ಮೇಲೆ ಬಣ್ಣ ಹಚ್ಚಬೇಕು. ಒಳಗೆ ಮೂಳೆ ಕೂರಿಸಬೇಕು. ಅಷ್ಟಾದ ಮೇಲೆ ಗೊಂಬೆ ನಡೆಯುತ್ತದೆ. ಒಂದೊಂದೂ ತಿಂಗಳುಗಟ್ಟಲೆ ಕಲಿಯುವ ವಿದ್ಯೆ. ಅಲ್ಲದೆ ಈಗಿನ ಬ್ಲೆಂಡರ್‌ಗೆ ಕನಿಷ್ಠ 8 ಜಿಬಿ ರ‍್ಯಾಮ್ ಬೇಕು ಎಂದು ಅದನ್ನು ಮಾಡುವವರೇ ಹೇಳಿದ್ದಾರೆ. 3ಡಿ ಒಲವಿದ್ದರೆ ಖಂಡಿತ ಮಾಡಿ, ಅದರಲ್ಲಿ ಕೆಲಸವೂ ಇದೆ. ಆದರೆ ಈ ಆರು ತಿಂಗಳಲ್ಲಿ, ಈ ಲ್ಯಾಪ್‌ಟಾಪ್‌ನಲ್ಲಿ ಬೇಡ.

ನನ್ನ ಸಲಹೆಯಲ್ಲೂ ಅಪಾಯ ಇದೆ, ಅದನ್ನೂ ಹೇಳಬೇಕು. ಬರೀ ಪಿಕ್ಸೆಲ್ ಚಿತ್ರ ಇಟ್ಟುಕೊಂಡು ನಮ್ಮ ಸ್ಟುಡಿಯೋಗಳಲ್ಲಿ ಕೆಲಸ ಸಿಗುವುದು ಕಷ್ಟ. ಆ ಬಗೆಯ ಗೇಮ್ ಮಾಡುವವರು ಜಾಸ್ತಿ ಚಿಕ್ಕ ಚಿಕ್ಕ ತಂಡಗಳು. ಆದ್ದರಿಂದ ಐಬಿಸ್ ಪೇಂಟ್ ಬಿಡಬೇಡಿ. ವಾರಕ್ಕೆ ಎರಡು ಪೂರ್ತಿ ಬಣ್ಣದ ಚಿತ್ರ ಅದರಲ್ಲಿ ಮುಗಿಸಿ: ಆನೆಗೊಂದಿಯ ಬಂಡೆ ಸಾಲು, ಗದ್ದೆ, ಅಕ್ಕಿ ಗಿರಣಿಯ ಮುಂದಿನ ಲಾರಿ, ಕಣ್ಣಿಗೆ ಬಿದ್ದದ್ದು. ಮುಂದೆ ದುಡ್ಡು ಕೂಡಿದಾಗ ಮೊದಲು ರ‍್ಯಾಮ್ ಹೆಚ್ಚಿಸಲು ಆಗುತ್ತದಾ ನೋಡಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಅಂಗಡಿಯಲ್ಲಿ ಬಿಚ್ಚಿಸಿ ಕೇಳಿಯೇ ಕೊಳ್ಳಿ. 8 ಜಿಬಿ ಆದ ಮೇಲೆ ಕ್ರಿಟಾ ಹಾಕಿ. ಆಗ ಪರದೆ ಇಲ್ಲದ ಚಿಕ್ಕ ಪೆನ್ ಟ್ಯಾಬ್ಲೆಟ್ ಸಾಕು, ಮೂರರಿಂದ ಐದು ಸಾವಿರದ ಒಳಗೆ ಸಿಗುತ್ತವೆ. ಪಿಕ್ಸೆಲ್‌ಗೆ ಅದೂ ಬೇಡ, ಮೌಸ್ ಸಾಕು. ಟಚ್‌ಪ್ಯಾಡ್‌ನಲ್ಲಿ ಮಾತ್ರ ಮಾಡಬೇಡಿ, ಬೆರಳು ನೋಯುತ್ತದೆ.

ಹಳೇ ಲ್ಯಾಪ್‌ಟಾಪ್ ಎಂದಿರಿ, ಬ್ಯಾಟರಿ ನಿಲ್ಲುವುದಿಲ್ಲ ಎಂದುಕೊಳ್ಳುತ್ತೇನೆ. ಬೇಸಿಗೆಯಲ್ಲಿ ಕರೆಂಟ್ ಹೋಗುವುದಂತೂ ಇದ್ದೇ ಇದೆ. ಪ್ರತಿ ದಿನದ ಫೈಲ್‌ಗೆ ಬೇರೆ ಹೆಸರು ಕೊಡಿ, ಹುಡುಗಿ 01, ಹುಡುಗಿ 02 ಎಂದು. ರಾತ್ರಿ ಅದನ್ನು ಫೋನಿಗೂ ಹಾಕಿಕೊಳ್ಳಿ. ಪಿಕ್ಸೆಲ್ ಫೈಲ್ ಎಷ್ಟು ಚಿಕ್ಕದು ಎಂದರೆ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ನಿಮಗೇ ಕಳಿಸಿಕೊಂಡರೂ ಆಯಿತು. ಫೋಟೋ ಆಗಿ ಕಳಿಸಿದರೆ ಕೆಡುತ್ತದೆ.

ಮೊದಲ ತಿಂಗಳ ಕೊನೆಗೆ ಅಪ್ಪನಿಗೆ ತೋರಿಸಬೇಕಾದದ್ದು ಇಷ್ಟು: ಎಂಟು ಟೈಲ್, ನಡೆಯುವ ಹುಡುಗಿ, ಒಂದು ಕಲ್ಲುಮನೆ. ಎಲ್ಲ ಗೊಡೋ ಒಳಗೆ. ಬಾಣದ ಗುರುತು ಒತ್ತಿದರೆ ಅವಳು ನಡೆಯಬೇಕು. ಚಿತ್ರ ಚೆನ್ನಾಗಿಲ್ಲದಿದ್ದರೂ ಪರವಾಗಿಲ್ಲ, ಹಾಕಿ. ಮೂರನೇ ತಿಂಗಳಿಗೆ ಒಂದು ಹಂತ ಪೂರ್ತಿ ಆಡುವಂತಿರಲಿ. ಉಳಿದ ಮೂರು ತಿಂಗಳು ತಿದ್ದಲು, ಮೊದಲ ತಿಂಗಳಿನದನ್ನು ಮತ್ತೆ ಬಿಡಿಸಲು ಬೇಕಾಗುತ್ತದೆ. ಖಂಡಿತ ಬೇಕಾಗುತ್ತದೆ.

ಶುರು ಮಾಡುವ ಮೊದಲು ಒಂದು ಸಲ ಗುಡ್ಡ ಹತ್ತಿ ಬನ್ನಿ. ಒಂದೇ ಕಲ್ಲುಮನೆಯನ್ನು ಬೆಳಗ್ಗೆ ಒಂದು ಫೋಟೋ, ಎರಡು ತಾಸು ಬಿಟ್ಟು ಇನ್ನೊಂದು ಫೋಟೋ ತೆಗೆಯಿರಿ. ಪಿಕ್ಸೆಲೋರಾಮಾದ ಬಣ್ಣದ ಪಟ್ಟಿಯಲ್ಲಿ ಹದಿನಾರೇ ಬಣ್ಣ ಇಟ್ಟುಕೊಳ್ಳಿ, ಅಷ್ಟನ್ನೂ ಆ ಫೋಟೋಗಳಿಂದಲೇ ಆರಿಸಿ. ಬಂಡೆ ಬೂದು ಎಂದುಕೊಂಡಿರುತ್ತೀರಿ. ಬಿಸಿಲು ಬಿದ್ದ ಕಡೆ ಕಿತ್ತಳೆ, ನೆರಳಿನ ಕಡೆ ನೀಲಿ ಸಿಗುತ್ತದೆ. ಬಿಸಿಲೇರುವ ಮೊದಲೇ ಹೊರಡಿ, ಜೊತೆಗೆ ಯಾರಾದರೂ ಇರಲಿ, ನೀರು ಜಾಸ್ತಿ ಒಯ್ಯಿರಿ.